ಎಂಟು ತೂತಿದ್ದರೆ ಸಾಲದು: ಹಳೇ ಸಿಲ್ವೆರಾಡೋ 2500ಎಚ್‌ಡಿಗೆ ಚಕ್ರ ಹುಡುಕಿದ ಪ್ರಕರಣ

ಅಮೆರಿಕದ ಒಹಾಯೋ ರಾಜ್ಯದ ಉತ್ತರ ಭಾಗದಲ್ಲಿ, ಈರಿ ಸರೋವರಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಕಡೆಯ ಒಂದು ಕುಟುಂಬವಿದೆ. ಹೆಸರು, ಊರು ಎರಡನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ನಾನು ಅವರನ್ನು ಅಣ್ಣ, ಅತ್ತಿಗೆ ಎಂದೇ ಕರೆಯುವುದು. ಇಲ್ಲೂ ಹಾಗೇ ಕರೆಯುತ್ತೇನೆ. ಬರೆಯುತ್ತೇನೆ ಎಂದಾಗ ಅಣ್ಣ ಒಪ್ಪಿದರು. "ನಾನು ಕಳೆದುಕೊಂಡ ದುಡ್ಡು ಇನ್ನೊಬ್ಬರು ಕಳೆದುಕೊಳ್ಳದಿದ್ದರೆ ಸಾಕು" ಅಂದರು.

ವಾರವಿಡೀ ಅಣ್ಣನಿಗೆ ಕಚೇರಿ ಕೆಲಸ. ಉಳಿದ ಹೊತ್ತೆಲ್ಲಾ ಎಂಟು ಎಕರೆ ಜಮೀನು ಮತ್ತು ಮೇಕೆಗಳು. ಜಮೀನಿನ ಲೆಕ್ಕಪತ್ರವೆಲ್ಲ ಅತ್ತಿಗೆಯದು. ಹುಲ್ಲಿನ ಪೆಂಡಿ, ಮೇವಿನ ಚೀಲ, ಮೇಕೆಗಳ ಟ್ರೇಲರ್, ಎಲ್ಲವನ್ನೂ ಹೊರುವುದು, ಎಳೆಯುವುದು ಒಂದೇ ಗಾಡಿ: 2005ರ ಶೆವ್ರೊಲೆ ಸಿಲ್ವೆರಾಡೋ 2500ಎಚ್‌ಡಿ, ನಾಲ್ಕು ಚಕ್ರಕ್ಕೂ ಚಾಲನೆ ಇರುವಂಥದ್ದು. ಇಲ್ಲಿ ಇಂಥ ಗಾಡಿಗೆ ಹೆವಿ ಡ್ಯೂಟಿ ಪಿಕಪ್ ಅನ್ನುತ್ತಾರೆ. ಲೋಡ್ ಸೇರಿ ಗಾಡಿಯ ಒಟ್ಟು ತೂಕ 9,200 ಪೌಂಡ್, ಅಂದರೆ ಸುಮಾರು 4,170 ಕಿಲೋ ತನಕ ಇರಬಹುದು. ಎಂಜಿನ್ ಇನ್ನೂ ಚೆನ್ನಾಗಿತ್ತು. ಚೇಸಿಸ್‌ಗೆ ಪ್ರತಿ ವರ್ಷ ಎಣ್ಣೆ ಹೊಡೆಸುತ್ತಿದ್ದರು. ಕೆಟ್ಟಿದ್ದು ಚಕ್ರಗಳು.

ಗಾಳಿ ನಿಲ್ಲದ ಚಕ್ರ

ಚಳಿಗಾಲದಲ್ಲಿ ಈ ಕಡೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲಾಯ್ ರಿಮ್‌ನ ಮೇಲಿನ ಪದರ ಒಂದು ಕಡೆ ಕಿತ್ತರೆ ಸಾಕು, ಉಪ್ಪುನೀರು ಒಳಗೆ ಇಳಿದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ. ಟೈರಿನ ಅಂಚು ರಿಮ್‌ಗೆ ಕೂರುವ ಜಾಗದಲ್ಲೇ ಹೀಗಾದರೆ ಗಾಳಿ ಸಣ್ಣಗೆ ಸೋರುತ್ತಲೇ ಇರುತ್ತದೆ. ಅಣ್ಣನ ನಾಲ್ಕೂ ಚಕ್ರಕ್ಕೆ ಇದೇ ಆಗಿತ್ತು. ಸೋಪಿನ ನೀರು ಹಾಕಿದರೆ ಅಂಚಿನ ಸುತ್ತ ಗುಳ್ಳೆ ಏಳುತ್ತಿತ್ತು. ಟೈರ್ ಅಂಗಡಿಯಲ್ಲಿ ಒಮ್ಮೆ ಟೈರು ಬಿಚ್ಚಿಸಿ, ತಂತಿ ಬ್ರಷ್‌ನಿಂದ ಉಜ್ಜಿಸಿ, ಸೀಲರ್ ಬಳಿಸಿದರು. ಅದು ಒಂದು ಚಳಿಗಾಲ ತಡೆಯಿತು. ಮುಂದಿನ ಮಾರ್ಚ್ ಹೊತ್ತಿಗೆ ಮತ್ತೆ ಪ್ರತಿ ಸೋಮವಾರ ಬೆಳಿಗ್ಗೆ ಕಂಪ್ರೆಸರ್ ಹಚ್ಚುವ ಕೆಲಸ ಶುರುವಾಯಿತು.

ಇಷ್ಟಾದ ಮೇಲೆ ರಿಮ್ ಬದಲಿಸುವುದೇ ಸರಿ ಎಂದು ಅಣ್ಣ ತೀರ್ಮಾನಿಸಿದರು. ತೀರ್ಮಾನ ಸರಿಯಾಗೇ ಇತ್ತು. ಆದರೆ ಏನನ್ನೂ ಅಳೆಯುವ ಮೊದಲೇ ಅವರು ಕೊಂಡುಬಿಟ್ಟರು.

ಮೊದಲ ಪ್ರಯತ್ನ: ಅದೇ ಕಂಪನಿ, ಅದೇ ಮಾದರಿ, ಆದರೂ ಕೂರಲಿಲ್ಲ

ಪಕ್ಕದ ಕೌಂಟಿಯಲ್ಲಿ ಒಬ್ಬರು 2012ರ 2500ಎಚ್‌ಡಿಯ ನಾಲ್ಕು ಚಕ್ರ ಮಾರುತ್ತಿದ್ದರು. 18 ಇಂಚಿನ ಅಲಾಯ್, ಟೈರು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಗಾಡಿಯೂ ಸಿಲ್ವೆರಾಡೋ, ಚಕ್ರವೂ ಸಿಲ್ವೆರಾಡೋದ್ದು, ಎರಡರಲ್ಲೂ ಎಂಟು ತೂತು. ಇನ್ನೇನು ಬೇಕು ಅಂತ ಅಣ್ಣ 400 ಡಾಲರ್ ಕೊಟ್ಟು ತಂದರು.

ಜ್ಯಾಕ್ ಹಾಕಿ ಹಳೇ ಚಕ್ರ ತೆಗೆದು ಹೊಸದನ್ನು ಎತ್ತಿ ಹಿಡಿದರೆ, ನಡುವಿನ ದೊಡ್ಡ ರಂಧ್ರವೇನೋ ಹಬ್ (ಗಾಡಿಯಲ್ಲಿ ಚಕ್ರ ಕೂರುವ ನಡುಭಾಗ) ಮೇಲೆ ಹೋಗುವಂತೆ ಕಂಡಿತು, ಹಬ್‌ನಿಂದ ಹೊರಚಾಚಿದ ಬೋಲ್ಟುಗಳು, ಅಂದರೆ ಸ್ಟಡ್‌ಗಳು ಮಾತ್ರ ತೂತಿಗೆ ಸಿಗಲಿಲ್ಲ. ಆಗ ನನಗೆ ಫೋನ್ ಬಂತು.

ಕಾರಣ ಇಷ್ಟೇ. ಎಲ್ಲಾ ಸ್ಟಡ್‌ಗಳ ಕೇಂದ್ರದ ಮೂಲಕ ಹಾದುಹೋಗುವ ವೃತ್ತದ ವ್ಯಾಸಕ್ಕೆ ನಮ್ಮ ಗ್ಯಾರೇಜ್‌ಗಳಲ್ಲಿ ಪಿಸಿಡಿ ಅನ್ನುತ್ತಾರೆ. 2001ರಿಂದ 2010ರ ತನಕದ 2500ಎಚ್‌ಡಿಗೆ ಅದು 165.1 ಮಿಲಿಮೀಟರ್, ಅಂದರೆ ಆರೂವರೆ ಇಂಚು. 2011ರಲ್ಲಿ ಗಾಡಿಯನ್ನು ಹೊಸದಾಗಿ ವಿನ್ಯಾಸ ಮಾಡಿದಾಗ ಅದನ್ನು 180 ಮಿಲಿಮೀಟರ್ ಮಾಡಿದರು. ಹೆಸರು ಅದೇ ಉಳಿಯಿತು. ಹಬ್‌ನ ನಡುವಿನಿಂದ ಲೆಕ್ಕ ಹಾಕಿದರೆ ಪ್ರತಿ ತೂತೂ ಸುಮಾರು ಏಳೂವರೆ ಮಿಲಿಮೀಟರ್ ಹೊರಗೆ ಹೋಗಿದೆ. ಸ್ಟಡ್‌ನ ದಪ್ಪವೇ 14 ಮಿಲಿಮೀಟರ್. ಬಲ ಹಾಕಿದರೂ ಹೋಗದು.

ಇದನ್ನು ಅಳೆಯಲು ದೊಡ್ಡ ಸಾಮಾನೇನೂ ಬೇಡ. ಎಂಟು ತೂತಿನ ಚಕ್ರದಲ್ಲಿ ಪ್ರತಿ ತೂತಿಗೂ ನೇರ ಎದುರಿಗೆ ಇನ್ನೊಂದು ಇರುತ್ತದೆ. ಒಂದು ತೂತಿನ ಹೊರ ಅಂಚಿನಿಂದ ಎದುರಿನ ತೂತಿನ ಒಳ ಅಂಚಿಗೆ ಟೇಪ್ ಹಿಡಿದರೆ ಪಿಸಿಡಿ ಸಿಗುತ್ತದೆ. ಅರ್ಧ ನಿಮಿಷದ ಕೆಲಸ. ಮಾರುವವರ ಮನೆಯಂಗಳದಲ್ಲೇ ಮಾಡಬಹುದಿತ್ತು.

ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಅವರ ಮೇಲೆ ಕೋಪ ಮಾಡಿಕೊಳ್ಳಲು ಕಾರಣವಿಲ್ಲ. ತಮ್ಮ ಗಾಡಿ ಯಾವ ವರ್ಷದ್ದು ಎಂದು ಅವರು ಮೊದಲೇ ಹೇಳಿದ್ದರು.

ಆಗ ಅಣ್ಣ ಅಡಾಪ್ಟರ್ ಬಗ್ಗೆ ಕೇಳಿದರು. 165.1ರ ಹಬ್‌ಗೆ 180ರ ಚಕ್ರ ಕೂರಿಸಲು ನಡುವೆ ಹಾಕುವ ದಪ್ಪ ಬಿಲ್ಲೆಗಳು ಸಿಗುತ್ತವೆ. ಒಳ್ಳೇ ಅಡಾಪ್ಟರ್ ಹಾಕಿಕೊಂಡು ವರ್ಷಗಟ್ಟಲೆ ಓಡಿಸಿದವರೂ ಇದ್ದಾರೆ. ನಾನು ಬೇಡ ಅಂದೆ. ಎರಡು ಇಂಚಿನ ಬಿಲ್ಲೆ ಹಾಕಿದರೆ ಚಕ್ರ ಅಷ್ಟು ಹೊರಗೆ ಬರುತ್ತದೆ, ಬೇರಿಂಗ್ ಮೇಲೆ ಭಾರ ಬೀಳುವ ಜಾಗವೂ ಹೊರಗೆ ಸರಿಯುತ್ತದೆ. ಅದಕ್ಕಿಂತ ನನಗೆ ಹೆಚ್ಚು ಚಿಂತೆಯಾಗಿದ್ದು ಬೇರೆ. ಅಡಾಪ್ಟರನ್ನು ಹಬ್‌ಗೆ ಹಿಡಿದ ಎಂಟು ನಟ್ಟುಗಳು ಚಕ್ರದ ಹಿಂದೆ ಮುಚ್ಚಿಹೋಗುತ್ತವೆ. ಸಡಿಲವಾಗಿವೆಯೋ ಇಲ್ಲವೋ ನೋಡಬೇಕೆಂದರೆ ಪ್ರತಿ ಸಲ ಚಕ್ರ ಬಿಚ್ಚಬೇಕು. ಹುಲ್ಲು ತರುವ ಗಡಿಬಿಡಿಯಲ್ಲಿ ಯಾರು ಬಿಚ್ಚುತ್ತಾರೆ?

ಎರಡನೇ ಪ್ರಯತ್ನ: ಪುಕ್ಕಟೆ ಸಿಕ್ಕ ಚಕ್ರ

ವಿಷಯ ಕೇಳಿದ ನೆರೆಮನೆಯ ಹಿರಿಯರು 2004ರ ಫೋರ್ಡ್ ಎಫ್-250ರ ನಾಲ್ಕು ಕಬ್ಬಿಣದ ರಿಮ್ ತಂದು ಕೊಟ್ಟರು. ಒಳ್ಳೇ ಮನಸ್ಸಿನಿಂದ ಕೊಟ್ಟದ್ದು. ಇಡೀ ಪ್ರಕರಣದಲ್ಲಿ ಅತಿ ಅಪಾಯದ ಘಳಿಗೆ ಬಂದದ್ದು ಇಲ್ಲೇ ಎಂದು ನನ್ನ ಅನಿಸಿಕೆ.

ಎಫ್-250 ಸೇರಿರುವ ಫೋರ್ಡ್ ಸೂಪರ್ ಡ್ಯೂಟಿ ಸಾಲಿನ ಪಿಸಿಡಿ 1999ರಿಂದ 170 ಮಿಲಿಮೀಟರ್. ಅಣ್ಣನ ಗಾಡಿಯದು 165.1. ಒಂದೊಂದು ತೂತಿಗೆ ಬರುವ ವ್ಯತ್ಯಾಸ ಎರಡೂವರೆ ಮಿಲಿಮೀಟರ್‌ಗೂ ಒಂದು ಕೂದಲು ಕಡಿಮೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಎತ್ತಿ ಹಿಡಿದರೆ ಸ್ಟಡ್‌ಗಳ ತುದಿ ತೂತಿನ ಬಾಯಿಗೆ ಬಂದು ತಗಲುತ್ತವೆ, "ಇನ್ನೊಂಚೂರು ತಳ್ಳಿದರೆ ಹೋಗುತ್ತದೆ" ಅನ್ನಿಸುತ್ತದೆ. 180ರ ಚಕ್ರ ಕೂರುವುದೇ ಇಲ್ಲ, ಹಾಗಾಗಿ ಅದು ನಮ್ಮನ್ನು ಉಳಿಸುತ್ತದೆ. 170ರದ್ದು ಆಸೆ ಹುಟ್ಟಿಸುತ್ತದೆ.

ಅಲ್ಲಿದ್ದ ಇನ್ನೊಬ್ಬರು ತೂತನ್ನು ಸ್ವಲ್ಪ ಕೊರೆದು ದೊಡ್ಡದು ಮಾಡೋಣ ಅಂದರು. ಡ್ರಿಲ್ ಕೂಡ ತಂದರು. ಅಣ್ಣ ನನ್ನ ಮುಖ ನೋಡಿದರು. ನಾನು ಹೇಳಿದ್ದು ಇದು: ಚಕ್ರದ ಭಾರವನ್ನು ಸ್ಟಡ್ ಹೊರುವುದಲ್ಲ. ಎಂಟು ನಟ್ಟು ಸೇರಿ ರಿಮ್ಮನ್ನು ಹಬ್‌ಗೆ ಒತ್ತಿ ಹಿಡಿಯುತ್ತವೆ, ಆ ಹಿಡಿತವೇ ಭಾರ ಹೊರುತ್ತದೆ. ಈ ಗಾಡಿಯ ನಟ್ಟಿನ ಮೂತಿ ಶಂಕುವಿನ ಆಕಾರದ್ದು. ಅದು ತೂತಿನ ಅಂಚಿನಲ್ಲಿರುವ ಅದೇ ಆಕಾರದ ಕುಳಿಯಲ್ಲಿ ಸುತ್ತಲೂ ಸಮನಾಗಿ ಕೂರಬೇಕು. ತೂತನ್ನು ಉದ್ದುದ್ದ ಕೊರೆದರೆ ಆ ಕುಳಿಯೇ ಹೋಯಿತು. ನಟ್ಟು ಒಂದು ಪಕ್ಕಕ್ಕೆ ಮಾತ್ರ ತಾಗಿ ನಿಲ್ಲುತ್ತದೆ. ಹತ್ತು ಮೈಲಿಗೆ ಸಡಿಲ, ಐವತ್ತು ಮೈಲಿಗೆ ಸ್ಟಡ್ ಕತ್ತರಿಸಿದರೂ ಆಶ್ಚರ್ಯವಿಲ್ಲ. ಹೆದ್ದಾರಿಯಲ್ಲಿ ಬಿಡಿಸಿಕೊಂಡ ಚಕ್ರ ಎದುರಿನ ಗಾಡಿಗೆ ಹೋಗಿ ಬಡಿಯುತ್ತದೆ. ಆ ಗಾಡಿಯಲ್ಲಿ ಯಾರ ಮಕ್ಕಳಿರುತ್ತಾರೋ!

ಡ್ರಿಲ್ ವಾಪಸ್ ಪೆಟ್ಟಿಗೆಗೆ ಹೋಯಿತು. ರಿಮ್‌ಗಳನ್ನು ಕೃತಜ್ಞತೆ ಹೇಳಿ ಹಿಂದಿರುಗಿಸಿದೆವು. ಹಿರಿಯರಿಗೆ ಬೇಜಾರಾಗಬಾರದೆಂದು ಅಣ್ಣ ಟೇಪ್ ಹಿಡಿದು ಅಳತೆ ತೋರಿಸಿಯೇ ಕೊಟ್ಟರು. ಅವರೂ ಬೆರಗಾಗಿ ನೋಡಿದರು.

ಮೂರನೇ ಪ್ರಯತ್ನ: ಕೂತಿತು, ಆದರೆ ಹೊರಲಾರದು

ಇಷ್ಟರಲ್ಲಿ ಅಣ್ಣನಿಗೆ ಪಿಸಿಡಿ ಪಾಠ ಬಾಯಿಪಾಠವಾಗಿತ್ತು. ಈ ಸಲ ಒಂದು ಅಂಗಡಿಯಲ್ಲಿ ಟೈರು ಹಾಕಿದ ಸೆಟ್ ನೋಡಿದರು. 20 ಇಂಚಿನ ರಿಮ್, 9 ಇಂಚು ಅಗಲ, ಪಿಸಿಡಿ 165.1, ನಡುವಿನ ರಂಧ್ರಕ್ಕೂ ಹೊಂದುವ ಉಂಗುರ. ಅಂಗಡಿಯವರು "ನಿಮ್ಮ ಗಾಡಿಗೆ ಸರಿಯಾಗಿ ಕೂರುತ್ತದೆ" ಅಂದರು. ಕೂರುವ ಮಟ್ಟಿಗೆ ಅವರ ಮಾತು ನಿಜ. ಅಣ್ಣ ಫೋಟೋ ಕಳಿಸಿದರು. ನೋಡಲು ಬಹಳ ಚೆಂದವಾಗಿತ್ತು. ಇಪ್ಪತ್ತು ವರ್ಷ ದುಡಿದ ಗಾಡಿಗೆ ಒಂದು ಒಳ್ಳೇ ಉಡುಗೆ ಹಾಕಬೇಕೆಂಬ ಆಸೆ ತಪ್ಪಲ್ಲ.

ಇಲ್ಲಿ ತಡೆದವರು ಅತ್ತಿಗೆ. ಅವರು ಚಾಲಕನ ಬಾಗಿಲು ತೆರೆದು, ಕಂಬಕ್ಕೆ ಅಂಟಿಸಿದ ಚೀಟಿ ಓದುತ್ತಾ ನಿಂತಿದ್ದರು. "ಹಿಂದಿನ ಆಕ್ಸಲ್‌ಗೆ 6,084 ಪೌಂಡ್ ಅಂತ ಬರೆದಿದೆ. ಆ ಹೊಸ ಟೈರು ಒಂದೊಂದು ಎಷ್ಟು ಹೊರುತ್ತದೆ?" ಎಂದು ಕೇಳಿದರು. ನಮ್ಮಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಲೆಕ್ಕಕ್ಕೆ ಕೂತೆವು. ಗಾಡಿಯ ಮೂಲ ಟೈರು ಎಲ್‌ಟಿ (ಅಂದರೆ ಲೈಟ್ ಟ್ರಕ್ ವರ್ಗದ) 245/75 ಆರ್ 16, ಹೊರುವ ಶಕ್ತಿಯ ದರ್ಜೆ ಲೋಡ್ ರೇಂಜ್ ಇ. 80 ಪಿಎಸ್‌ಐ ಗಾಳಿಯಲ್ಲಿ ಒಂದು ಟೈರು 3,042 ಪೌಂಡ್ ಹೊರುತ್ತದೆ. ಎರಡು ಸೇರಿದರೆ 6,084. ಚೀಟಿಯಲ್ಲಿದ್ದ ಅಂಕಿಯೇ ಅದು! ಆ ಸಂಖ್ಯೆ ಎಲ್ಲಿಂದ ಬಂತು ಎಂದು ಆಗ ಅರ್ಥವಾಯಿತು. ಟೈರು ಹೊರುವಷ್ಟನ್ನೇ ಆಕ್ಸಲ್‌ಗೆ ಮಿತಿ ಎಂದು ಬರೆದಿದ್ದಾರೆ. ಅಂದರೆ ಒಂದು ಪೌಂಡ್ ಕಡಿಮೆ ಹೊರುವ ಟೈರನ್ನೂ ಹಾಕುವಂತಿಲ್ಲ.

ಅಂಗಡಿಯ ಸೆಟ್‌ನಲ್ಲಿದ್ದದ್ದು ಪಿ 275/55 ಆರ್ 20, ಲೋಡ್ ಇಂಡೆಕ್ಸ್ 111. ಅಂದರೆ ಒಂದು ಟೈರು ಹೊರುವುದು 2,403 ಪೌಂಡ್. ಮೊದಲಲ್ಲಿ 'ಪಿ' ಇದ್ದರೆ ಅದು ಕಾರಿನ ವರ್ಗದ ಟೈರು. ಅಂಥದ್ದನ್ನು ಟ್ರಕ್‌ಗೆ ಹಾಕಿದಾಗ 1.1ರಿಂದ ಭಾಗಿಸಬೇಕು ಎಂಬ ನಿಯಮವಿದೆ. ಭಾಗಿಸಿದರೆ 2,184. ಎರಡಕ್ಕೆ 4,368 ಪೌಂಡ್. ಬೇಕಾದದ್ದಕ್ಕಿಂತ 1,700 ಪೌಂಡ್ ಕಡಿಮೆ.

ಆದರೂ ಅಣ್ಣ, "ನಾವು ಅಷ್ಟೊಂದು ಲೋಡ್ ಹಾಕುವುದೇ ಇಲ್ಲವಲ್ಲ" ಅಂದರು. ನ್ಯಾಯವಾದ ಪ್ರಶ್ನೆ. ಹಾಗಾಗಿ ಅಳೆದೇ ನೋಡೋಣ ಎಂದೆವು. ಒಂದು ಶನಿವಾರ ಹುಲ್ಲು ತುಂಬಿ, ಮೇಕೆ ಟ್ರೇಲರ್ ಕಟ್ಟಿಕೊಂಡು, ಹೆದ್ದಾರಿ ಪಕ್ಕದ ಲಾರಿ ತಂಗುದಾಣದ ತೂಕದ ಕಟ್ಟೆಗೆ ಹೋದೆವು. ಅಲ್ಲಿ ಒಂದೊಂದು ಆಕ್ಸಲ್‌ನ ತೂಕ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರುತ್ತದೆ. ಹಿಂದಿನ ಆಕ್ಸಲ್ 5,340 ಪೌಂಡ್ ಇತ್ತು. ಟ್ರೇಲರ್‌ನ ಮೂತಿಯ ಭಾರ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಬೀಳುತ್ತದೆ, ಸನ್ನೆಗೋಲಿನ ಹಾಗೆ ಮುಂಭಾಗವನ್ನು ಎತ್ತಿ ಹಿಂಭಾಗವನ್ನು ಒತ್ತುತ್ತದೆ. ಇದು ಅಂದಾಜಿಗೆ ಸಿಗುವುದಿಲ್ಲ. ಆ ಚೆಂದದ ಸೆಟ್ ಹಾಕಿದ್ದರೆ ಪ್ರತಿ ಶನಿವಾರ ಸುಮಾರು ಸಾವಿರ ಪೌಂಡ್ ಹೆಚ್ಚುವರಿ ಭಾರ ಆ ಎರಡು ಟೈರಿನ ಮೇಲೆ ಬೀಳುತ್ತಿತ್ತು.

ಇನ್ನೊಂದು ಲೆಕ್ಕವೂ ಅಂದೇ ಆಯಿತು. ರಿಮ್ ಹಬ್‌ಗೆ ತಾಗುವ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಸರಿದಿದೆ ಎಂಬುದಕ್ಕೆ ಆಫ್‌ಸೆಟ್ ಅನ್ನುತ್ತಾರೆ; ಹೊರಕ್ಕಿದ್ದರೆ ಪ್ಲಸ್, ಒಳಕ್ಕಿದ್ದರೆ ಮೈನಸ್. ಹಳೇ ರಿಮ್ 6.5 ಇಂಚು ಅಗಲ, ಆಫ್‌ಸೆಟ್ ಪ್ಲಸ್ 28. ಹೊಸದು 9 ಇಂಚು, ಆಫ್‌ಸೆಟ್ ಮೈನಸ್ 12. ರಿಮ್‌ನ ಹೊರ ಅಂಚು ಹಳೆಯದಕ್ಕಿಂತ ಸುಮಾರು 72 ಮಿಲಿಮೀಟರ್ ಆಚೆ ಬರುತ್ತಿತ್ತು. ಅಂದರೆ ಟೈರು ಮಡ್‌ಗಾರ್ಡಿನಿಂದ ಹೊರಗೆ ನಿಂತು, ಉಪ್ಪುನೀರನ್ನೆಲ್ಲ ಬಾಗಿಲಿಗೆ ಎರಚುತ್ತಿತ್ತು.

ತೂಕದ ಕಟ್ಟೆಯ ಆ ಚೀಟಿ ಬಂದ ಮೇಲೆ ಹುಡುಕಾಟದ ದಾರಿಯೇ ಬದಲಾಯಿತು. ಅಲ್ಲಿಯ ತನಕ ಸಿಕ್ಕ ಚಕ್ರವನ್ನು ಗಾಡಿಗೆ ಹೊಂದಿಸಲು ನೋಡುತ್ತಿದ್ದೆವು. ಈಗ ಗಾಡಿಗೆ ಏನು ಬೇಕು ಎಂದು ಮೊದಲು ಬರೆದುಕೊಂಡೆವು: ಒಂದು ಚಕ್ರಕ್ಕೆ ಕನಿಷ್ಠ 3,042 ಪೌಂಡ್, ರಿಮ್ಮಿಗೂ ಟೈರಿಗೂ. 80 ಪಿಎಸ್‌ಐ ತಡೆಯಬೇಕು. ಪಿಸಿಡಿ 165.1. ನಡುವಿನ ರಂಧ್ರ ಸುಮಾರು 117 ಮಿಲಿಮೀಟರ್. ಸ್ಟಡ್ ಎಂ14 (14 ಮಿಲಿಮೀಟರ್ ದಪ್ಪ), ತಿರುಪಿನ ಎಳೆಗಳ ಅಂತರ 1.5 ಮಿಲಿಮೀಟರ್. ಟೈರಿನ ಎತ್ತರ 30.5 ಇಂಚು, ಸ್ಟೆಪ್ನಿಗೆ ಸಮ. ಅತ್ತಿಗೆ ಅದನ್ನು ಫ್ರಿಜ್ ಮೇಲೆ ಅಂಟಿಸಿದರು.

ಗುಜರಿಯಲ್ಲಿ ಒಂದು ಮಧ್ಯಾಹ್ನ

ಗುಜರಿ ಅಂಗಡಿಯವರ ಹತ್ತಿರ ಯಾವ ಗಾಡಿಯ ಯಾವ ಭಾಗ ಯಾವುದಕ್ಕೆ ಹೊಂದುತ್ತದೆ ಎಂಬ ಹಾಲಂಡರ್ ಪಟ್ಟಿ ಇರುತ್ತದೆ. ಅದನ್ನು ನೋಡಿ ಅವರು ಎರಡು ಕಡೆಗೆ ಕಳಿಸಿದರು. ಒಂದು ಹಮ್ಮರ್ ಎಚ್2ರ ಸೆಟ್. ಅದರ ಪಿಸಿಡಿಯೂ 165.1. ಅಣ್ಣನ ಕಣ್ಣು ಅಲ್ಲೇ ನಿಂತಿತು. ಆದರೆ ಅದರ ಮೇಲಿದ್ದದ್ದು 315/70 ಆರ್ 17 ಟೈರು, ಎತ್ತರ 34 ಇಂಚಿಗೂ ಜಾಸ್ತಿ. ಸ್ಟೆಪ್ನಿ ಹಾಕಬೇಕಾಗಿ ಬಂದಾಗ ಒಂದು ಚಕ್ರ ಮಾತ್ರ ನಾಲ್ಕು ಇಂಚು ಗಿಡ್ಡ. ನಾಲ್ಕು ಚಕ್ರದ ಚಾಲನೆಯಲ್ಲಿ ಅದು ಗೇರುಗಳನ್ನು ತಿನ್ನುತ್ತದೆ. ಫ್ರಿಜ್ ಮೇಲಿನ ಪಟ್ಟಿ ನೆನಪಿಸಿದೆ. ಅಣ್ಣ ನಿಟ್ಟುಸಿರು ಬಿಟ್ಟು ಮುಂದೆ ನಡೆದರು.

ಇನ್ನೊಂದು ಕಡೆ ಅಣ್ಣನ ಗಾಡಿಯದೇ ತಲೆಮಾರಿನ, ಅದೇ ವರ್ಗದ ಎರಡು ಗಾಡಿಗಳಿದ್ದವು, ಎರಡಕ್ಕೂ 16 ಇಂಚಿನ ಕಬ್ಬಿಣದ ರಿಮ್. ಅಲ್ಲೇ ಮತ್ತೊಂದು ಗಾಡಿಯ ಅಲಾಯ್ ಕೂಡ ಸಿಗುತ್ತಿತ್ತು. ಆದರೆ ತಿರುಗಿಸಿ ನೋಡಿದರೆ ಅಂಚಿನಲ್ಲಿ ಅದೇ ಬಿಳಿ ಪುಡಿ. ಉಪ್ಪಿನ ಊರಲ್ಲಿ ದುಡಿಯುವ ಗಾಡಿಗೆ ಕಬ್ಬಿಣವೇ ವಾಸಿ ಎಂದು ನನ್ನ ಅಭಿಪ್ರಾಯ. ತುಕ್ಕು ಅದಕ್ಕೂ ಹಿಡಿಯುತ್ತದೆ. ಆದರೆ ಉಜ್ಜಿ ಬಣ್ಣ ಬಳಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಎಂಟು ರಿಮ್ ನೋಡಿ ನಾಲ್ಕು ಆರಿಸಿದೆವು. ಒಂದರ ಅಂಚು ಬಾಗಿತ್ತು. ಇನ್ನೊಂದರ ಮೂರು ತೂತುಗಳು ಮೊಟ್ಟೆಯ ಆಕಾರಕ್ಕೆ ತಿರುಗಿದ್ದವು. ಯಾರೋ ಸಡಿಲ ನಟ್ಟಿನಲ್ಲೇ ಓಡಿಸಿದ್ದಾರೆ. ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ ಆ ಡ್ರಿಲ್ ನೆನಪಾಗಿ ಅಣ್ಣ ಏನೂ ಮಾತಾಡಲಿಲ್ಲ. ಉಳಿದೆರಡಕ್ಕೆ ಬೆಸುಗೆಯ ಜಾಗದಲ್ಲಿ ಆಳವಾದ ತುಕ್ಕು.

ನಾಲ್ಕಕ್ಕೆ 160 ಡಾಲರ್. ಬಣ್ಣ ಹೊಡೆಸಿ, ಮೂಲ ಅಳತೆಯ ಹೊಸ ಎಲ್‌ಟಿ ಟೈರು ಹಾಕಿಸಿದರು.

ಹಾಕಿದ ಮೇಲೆ

ಎರಡು ತೊಂದರೆ ಬಂದವು. ಮೊದಲನೆಯದು ವಾಲ್ವ್. ಟೈರ್ ಅಂಗಡಿಯಲ್ಲಿ ಮಾಮೂಲಿ ರಬ್ಬರ್ ವಾಲ್ವ್ ಹಾಕಿದ್ದರು. ಅದರ ಮಿತಿ 65 ಪಿಎಸ್‌ಐ. ನಮಗೆ ಹಿಂಬದಿಯ ಟೈರುಗಳಿಗೆ ಬೇಕಾದದ್ದು 80. ಕೇಳಿದ ಕೂಡಲೇ ಅವರು ಲೋಹದ ವಾಲ್ವ್ ಹಾಕಿಕೊಟ್ಟರು. ಕೇಳದಿದ್ದರೆ ಯಾವತ್ತೋ ಬೇಸಿಗೆಯಲ್ಲಿ ಲೋಡ್ ಹಾಕಿಕೊಂಡು ಹೋಗುವಾಗ ಕಿತ್ತು ಬರುತ್ತಿತ್ತೇನೋ.

ಎರಡನೆಯದು ಅದುರು. ಗಂಟೆಗೆ 55 ಮೈಲಿ ದಾಟಿದರೆ ಹಿಂದಿನಿಂದ ಒಂದು ನಡುಕ. ಬ್ಯಾಲೆನ್ಸ್ ಮತ್ತೆ ಮಾಡಿಸಿದರೂ ಹೋಗಲಿಲ್ಲ. ಗುಜರಿ ರಿಮ್ಮೇ ಸರಿಯಿಲ್ಲ ಎಂದು ಅಣ್ಣ ಬೇಸರಪಟ್ಟರು. ಬಿಚ್ಚಿ ನೋಡಿದರೆ ಬಲ ಹಿಂಬದಿಯ ಹಬ್ ಮುಖದ ಮೇಲೆ ಹಕ್ಕಳೆಯಂತೆ ಎದ್ದ ತುಕ್ಕು, ಉಗುರಿನಷ್ಟು ದಪ್ಪ. ರಿಮ್ ಅದರ ಮೇಲೆ ಓರೆಯಾಗಿ ಕೂತಿತ್ತು. ತಂತಿ ಬ್ರಷ್ ಹಾಕಿ ಲೋಹ ಹೊಳೆಯುವ ತನಕ ಉಜ್ಜಿದೆವು. ನಾಲ್ಕೂ ಹಬ್‌ಗೆ ಹಾಗೇ ಮಾಡಿದೆವು. ನಟ್ಟುಗಳನ್ನು ಎದುರು ಬದುರಾಗಿ, ಟಾರ್ಕ್ ವ್ರೆಂಚ್‌ನಲ್ಲಿ 140 ಅಡಿ-ಪೌಂಡ್‌ಗೆ ಬಿಗಿ ಮಾಡಿದೆವು. ನಡುಕ ಹೋಯಿತು. ಐವತ್ತು ಮೈಲಿ ಓಡಿಸಿ ಮತ್ತೆ ವ್ರೆಂಚ್ ಹಿಡಿದಾಗ ಎರಡು ನಟ್ಟು ಸ್ವಲ್ಪ ತಿರುಗಿದವು. ಹಬ್ ಮತ್ತು ರಿಮ್ ನಡುವೆ ಹೊಸ ಬಣ್ಣ, ಉಳಿದ ಪುಡಿ ಅದುಮಿ ಕೂತಾಗ ಹೀಗಾಗುತ್ತದೆ. ಆಮೇಲೆ ಅಲುಗಿಲ್ಲ.

ಈಗ ಯಾರಾದರೂ ಹಳೇ ಪಿಕಪ್‌ಗೆ ಚಕ್ರ ನೋಡುತ್ತಿದ್ದೇನೆ ಎಂದರೆ ನಾನು ಮೊದಲು ಬಾಗಿಲ ಕಂಬದ ಚೀಟಿಯ ಫೋಟೋ ಕೇಳುತ್ತೇನೆ. ಆಮೇಲೆ ಲೋಡ್ ಹಾಕಿ ತೂಗಿಸಿದ್ದೀರಾ ಎಂದು ಕೇಳುತ್ತೇನೆ. ಪಿಸಿಡಿ ಮೂರನೆಯದು. ಚೆಂದ ನೋಡುವುದು ಇದೆಲ್ಲ ಮುಗಿದ ಮೇಲೆ. ಅಣ್ಣನ ಹುಡುಕಾಟ ಇದಕ್ಕೆ ಪೂರ್ತಿ ಉಲ್ಟಾ ಕ್ರಮದಲ್ಲಿ ನಡೆಯಿತು, ಅದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ಸ್ಟೆಪ್ನಿಯ ಕಥೆ ಬಾಕಿ ಇತ್ತು. ಬಾಡಿಯ ಕೆಳಗಿಂದ ಇಳಿಸಿ ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕಿ ಓದಿದರೆ ಕೊನೆಯಲ್ಲಿ 0905 ಎಂದಿತ್ತು: 2005ರ ಒಂಬತ್ತನೇ ವಾರ. ಗಾಡಿಯ ಜೊತೆ ಬಂದದ್ದು, ಒಮ್ಮೆಯೂ ನೆಲ ಮುಟ್ಟಿಲ್ಲ, ಟೈರಿನ ಮೇಲಿನ ಗೀರುಗಳೆಲ್ಲ ಹೊಸದರಂತೆ ಆಳವಾಗಿದ್ದವು. ಪಕ್ಕಗಳಲ್ಲಿ ಮಾತ್ರ ಸಣ್ಣ ಬಿರುಕುಗಳು. ಅದೂ ಬದಲಾಯಿತು.

18 ಇಂಚಿನ ಆ ನಾಲ್ಕು ಚಕ್ರ ಮೇಕೆ ಕೊಟ್ಟಿಗೆಯಲ್ಲಿ ಆರು ತಿಂಗಳು ಬಿದ್ದಿದ್ದವು. ಕೊನೆಗೆ 2013ರ ಗಾಡಿ ಇದ್ದ ಒಬ್ಬ ಹುಡುಗ ಕೊಳ್ಳಲು ಬಂದ. ದುಡ್ಡು ಎಣಿಸಲು ಹೊರಟವನನ್ನು ಅಣ್ಣ ನಿಲ್ಲಿಸಿ, ಕೈಗೆ ಟೇಪ್ ಕೊಟ್ಟು, ಮೊದಲು ಅವನ ಗಾಡಿಯ ಹತ್ತಿರ ಕರೆದುಕೊಂಡು ಹೋದರು.